ಪೆರುಮಾಳಣ್ಣನ ಮಾತಿನ ಬಾಲ

ಕೊರೋನಾ ಗದ್ದಲ ಅಡಗಿ ಸಂತೆಗಳು ಮತ್ತೆ ಮೊದಲಿನಂತೆ ಸೇರತೊಡಗಿದ ವರ್ಷ ಅದು. ಆಗ ನಾನು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನಲ್ಲಿದ್ದುಕೊಂಡು ಬಂಡೂರು ಕುರಿಗಳ ದಲ್ಲಾಳಿ ಕೆಲಸ ಮಾಡುತ್ತಿದ್ದೆ. ದಲ್ಲಾಳಿ ಎಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಮುರಿಯಲಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಬೇರೆಯವರ ಕುರಿಗಳನ್ನು ಬಸ್ಸಿನ ಟಾಪಿಗೆ ಹತ್ತಿಸುವ ಕೂಲಿಯಿಂದ ಶುರುಮಾಡಿ, ಒಳ್ಳೆಯ ಕುರಿ ಬೇಕೆಂದವರು ‘ಮಾದಣ್ಣನಿಗೆ ಫೋನ್ ಮಾಡಿ’ ಎನ್ನುವ ಮಟ್ಟಕ್ಕೆ ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಈಗ ಮಂಡಿನೋವು, ಓಡಾಟ ಕಡಿಮೆ. ಕೂತಲ್ಲಿ ನೆನಪಾಗುವ ವ್ಯಾಪಾರಗಳು ಬಹಳ. ಆದರೆ ಬರೆದಿಡಬೇಕು ಅನ್ನಿಸಿದ್ದು ಇದೊಂದೇ.

ಬಂಡೂರು ಕುರಿಯೆಂದರೆ ಕುಳ್ಳ ಕಾಲು, ಉರುಟು ಮೈ, ಜೋತ ಕಿವಿ. ಹಿಂದಿನಿಂದ ನೋಡಿದರೆ ಬೋಗುಣಿ ಕವುಚಿಟ್ಟ ಹಾಗೆ ಕಾಣಬೇಕು. ಈಗ ಉದ್ದ ಕಾಲಿನ ಕುರಿಗಳ ಜೊತೆ ಬೆರೆಸಿ, ಅರ್ಧಂಬರ್ಧ ತಳಿಯನ್ನೇ ಬಂಡೂರು ಎಂದು ಮಾರುವವರು ಹೆಚ್ಚಾಗಿದ್ದಾರೆ. ನೀವು ಯಾವತ್ತಾದರೂ ಕೊಳ್ಳಲು ಹೋದರೆ ಮರಿಯನ್ನು ನೋಡಿ ಮರುಳಾಗಬೇಡಿ, ಅದರ ಅಜ್ಜಿಯನ್ನು ತೋರಿಸಿ ಎಂದು ಕೇಳಿ. ಮರಿಯ ಮೈ ಮೇವಿನಿಂದ ದುಂಡಗಾಗಬಹುದು, ಅಜ್ಜಿಯ ಕಾಲು ಸುಳ್ಳು ಹೇಳುವುದಿಲ್ಲ.

ನಮ್ಮ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ, ಕೈಯಲ್ಲಿ ನಡೆಯುತ್ತದೆ. ಕೊಡುವವನ ಕೈ, ಕೊಳ್ಳುವವನ ಕೈ, ಅವುಗಳ ಮೇಲೆ ದಲ್ಲಾಳಿಯ ಟವೆಲ್. ಒಂದು ಬೆರಳಿಗೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಂಡಿರುತ್ತಾರೆ. ಕೊಳ್ಳುವವನು ಎಷ್ಟು ಬೆರಳು ಹಿಡಿಯುತ್ತಾನೋ ಅಷ್ಟು ಅವನ ಬೆಲೆ. ಒಪ್ಪಿಗೆಯಾದರೆ ಕೊಡುವವನು ಕೈ ಒತ್ತುತ್ತಾನೆ, ಇಲ್ಲದಿದ್ದರೆ ಕೊಡವುತ್ತಾನೆ. ಸುತ್ತ ನಿಂತವರಿಗೆ ಏನೂ ತಿಳಿಯದು. ಬೆಲೆಯನ್ನು ಬಾಯಿಬಿಟ್ಟು ಆಡಬಾರದು ಎಂಬುದು ಕಟ್ಟುನಿಟ್ಟು. ಇನ್ನೊಂದು ಕಟ್ಟುನಿಟ್ಟೂ ಇದೆ: ಟವೆಲ್ಲಿನ ಕೆಳಗೆ ಹೆಂಗಸರು ಕೈ ಹಾಕುವುದಿಲ್ಲ. ಹೆಂಗಸು ಎಷ್ಟೇ ಜಾಣೆಯಾಗಿರಲಿ, ಮನೆಯ ಗಂಡಸೊಬ್ಬನ ಕೈಯನ್ನು ಕಳಿಸಬೇಕು. ಅದು ಸರಿಯೆಂದು ನಾನು ಹೇಳುತ್ತಿಲ್ಲ, ಇರುವುದನ್ನು ಹೇಳುತ್ತಿದ್ದೇನೆ.

ಆ ವರ್ಷ ಬೇಸಿಗೆ ಶುರುವಾಗುವ ಹೊತ್ತಿಗೆ ಬಂಡೂರಿನ ಹತ್ತಿರದ ಪೆರುಮಾಳಣ್ಣ ಫೋನ್ ಮಾಡಿದ.

"ಮಾದ, ಗಿರಾಕಿ ನೋಡಪ್ಪ. ಎಲ್ಲಾನೂವೆ ಕೊಟ್ಬುಡ್ತೀನಿ."

"ಯಾವ ಎಲ್ಲಾ?"

"ಕುರಿ ಕಣಪ್ಪ. ಟಗರೂ ಸೇರ್ಸಿ."

ನಾನು ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡೆ. ಆ ಟಗರಿನ ಬಗ್ಗೆ ನಾನೇ ನಾಲ್ಕಾರು ಸಲ ಕೇಳಿ ಬೈಸಿಕೊಂಡಿದ್ದೆ. ಆ ಮನೆಯ ಟಗರು ಮನೆಯ ಬಾಗಿಲು ದಾಟಿದ್ದೇ ಇಲ್ಲ.

ಪೆರುಮಾಳಣ್ಣನ ತಂದೆ ಮುನಿಸಾಮಿ ಧರ್ಮಪುರಿ ಕಡೆಯವನು. ನಮ್ಮಲ್ಲಿ ನಾಲೆ ತೋಡುವಾಗ ಗುಂಪುಗುಂಪಾಗಿ ಬಂದ ತಮಿಳು ಕೂಲಿಗಳಲ್ಲಿ ಒಬ್ಬ. ಅವರನ್ನು ಇಲ್ಲಿಯ ಜನ ಕೊಕ್ಕರೆ ಬೆಳ್ಳೂರಿನ ಕೊಕ್ಕರೆಗಳಿಗೆ ಹೋಲಿಸುತ್ತಿದ್ದರಂತೆ, ಬತ್ತಾರೆ, ಕಾಲ ಮುಗಿದ ಮೇಲೆ ಓಯ್ತಾರೆ ಎಂದು. ನಾಲೆ ಮುಗಿಯಿತು, ಉಳಿದವರು ಹೋದರು, ಮುನಿಸಾಮಿ ಮತ್ತು ಅವನ ಹೆಂಡತಿ ಹೋಗಲಿಲ್ಲ. ಗೌಡರೊಬ್ಬರ ಮನೆಯಲ್ಲಿ ಕುರಿ ಮೇಯಿಸಲು ನಿಂತ. ಸಂಬಳವೆಂದರೆ ಊಟ, ಬಟ್ಟೆ, ವರ್ಷಕ್ಕೊಂದು ಸೊರಗಿದ ಮರಿ. ಸೊರಗಿದ ಮರಿಗಳನ್ನೇ ಆರಿಸಿ, ಸಾಕಿ, ಬೇಡದ್ದನ್ನು ಬಿಟ್ಟು ಬೇಕಾದ್ದನ್ನು ಕೂಡಿಸಿ, ಮುದುಕನಾಗುವ ಹೊತ್ತಿಗೆ ಸುತ್ತಿನಲ್ಲೆಲ್ಲ ಇಲ್ಲದಂಥ ಹಿಂಡು ಮಾಡಿದ. ಕೊನೆಗೆ ಆ ಗೌಡರ ಮಕ್ಕಳೇ ಅವನ ಬಳಿ ಟಗರು ಕೇಳಿಕೊಂಡು ಬಂದರು. ಮುನಿಸಾಮಿ ಮನೆಯಲ್ಲೊಂದು ಪದ್ಧತಿ ಮಾಡಿದ: ಹೆಣ್ಣುಮಕ್ಕಳಿಗೆ ಮದುವೆಯಲ್ಲಿ ಎರಡು ಕುರಿ, ಗಂಡುಮಕ್ಕಳಿಗೆ ಟಗರು. ಟಗರು ಯಾರ ಕೈಯಲ್ಲೋ ಹಿಂಡು ಅವರದು.

ಅವನ ಕನ್ನಡದ ಬಗ್ಗೆ ಒಂದು ಕಥೆಯಿದೆ. ನಮ್ಮ ಕಡೆಯ ಮಾತಿಗೆ ಬಾಲ ಉಂಟು. ಗಂಡಾದರೆ ‘ಉಂಡೇನ್ಲಾ’, ಹೆಣ್ಣಾದರೆ ‘ಉಂಡೇನಮ್ಮಿ’, ದೊಡ್ಡವರಾದರೆ ‘ಉಂಡ್ರಾ’. ಬಾಲವಿಲ್ಲದೆ ಮಾತು ಹೊರಡುವುದೇ ಇಲ್ಲ. ಕುರಿ ಮೇಯಿಸುವ ಹುಡುಗರಿಂದ ಕನ್ನಡ ಕಲಿತ ಮುನಿಸಾಮಿ ಎಲ್ಲರಿಗೂ ‘ಲಾ’ ಹಚ್ಚುತ್ತಿದ್ದ. ಒಂದು ದಿನ ಗೌಡರ ತಾಯಿಗೇ "ಉಂಡೇನ್ಲಾ ಅವ್ವ" ಎಂದುಬಿಟ್ಟ. ಗೌಡರು ಚಾವಟಿ ತೆಗೆದರಂತೆ, ಆಯಮ್ಮ ನಕ್ಕು ತಡೆದರಂತೆ. ಆ ಮೇಲೆ ಮುನಿಸಾಮಿ ಮಗನಿಗೆ ಕಲಿಸಿದ ಮೊದಲ ಪಾಠ ಇದು: "ಈ ಊರಾಗೆ ಮಾತಿನ ಬಾಲ ನೋಡ್ಕೊಂಡು ಮಾತಾಡು. ನಮ್ಗೆ ಅನ್ನ ಸಿಕ್ಕೋದೂ ಅಲ್ಲೇ, ಒದೆ ಬೀಳೋದೂ ಅಲ್ಲೇ." ಪೆರುಮಾಳಣ್ಣ ಆ ಪಾಠವನ್ನು ಬಿಟ್ಟವನಲ್ಲ. ಇಲ್ಲೇ ಹುಟ್ಟಿ ಮುದುಕನಾದರೂ, ಬಾಯಿ ತೆರೆಯುವ ಮೊದಲು ಎದುರಿಗಿರುವವರು ಯಾರೆಂದು ಒಂದು ಸಲ ನೋಡಿಯೇ ಮಾತಾಡುತ್ತಿದ್ದ.

ಪೆರುಮಾಳಣ್ಣನಿಗೆ ಒಬ್ಬನೇ ಮಗ. ಅವನು ಕಾಮಾಲೆಯಲ್ಲಿ ತೀರಿಕೊಂಡ. ಸೊಸೆ ರತ್ನಮ್ಮ ಮಾವನ ಜೊತೆಯಲ್ಲೇ ಉಳಿದಳು. ಅವಳಿಗಿದ್ದದ್ದು ಒಂದೇ ಮಗು. ಹುಟ್ಟಿದಾಗ ಸೆಲ್ವಿ ಎಂದು ಹೆಸರಿಟ್ಟರು. ಈಗ ಅವನ ಹೆಸರು ಸೆಲ್ವ. ಇದನ್ನು ಬರೆಯಲೇ ಎಂದು ನಾನು ಅವನನ್ನು ಕೇಳಿದಾಗ, "ಬರಿ ಮಾದಣ್ಣ, ಆದ್ರೆ ಅವ್ನು ಅಂತ ಬರಿ" ಎಂದ. ಅದರಂತೆ ಬರೆಯುತ್ತಿದ್ದೇನೆ.

ಚಿಕ್ಕಂದಿನಿಂದ ಲಂಗ ಕಂಡರೆ ಓಡುತ್ತಿದ್ದ, ಹಿಂಡಿನ ಹಿಂದೆ ಅಪ್ಪನ ಹಳೆಯ ಅಂಗಿ ತೊಟ್ಟು ತಿರುಗುತ್ತಿದ್ದ ಮಗು. ಆಗ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೊಳ್ಳೇಗಾಲದ ನೆಂಟರ ಕಡೆಯ ಗಂಡು ನೋಡಲು ಬಂದ ದಿನ ಸೆಲ್ವ ಬಾಯಿಬಿಟ್ಟ. ‘ನಾನು ಹುಡುಗಿಯಲ್ಲ, ಮದುವೆಯಾಗಿ ಇನ್ನೊಬ್ಬನಿಗೆ ಮೋಸ ಮಾಡೋದಿಲ್ಲ’ ಎಂದ. ಆ ವಾರವೇ ಮನೆ ಬಿಟ್ಟು ಮದ್ದೂರಿಗೆ ಹೋಗಿ, ಕೂದಲು ಕತ್ತರಿಸಿ, ಗಾರ್ಮೆಂಟ್ಸ್ ಒಂದರಲ್ಲಿ ಹೊಲಿಗೆ ಮೆಷಿನ್ನಿಗೆ ಸೇರಿಕೊಂಡ. ಭಾನುವಾರ ಮಾತ್ರ ಬರುತ್ತಿದ್ದ. ಬಂದರೆ ಸೀದಾ ಕುರಿ ದೊಡ್ಡಿಗೆ. ಕುಂಟುವ ಕುರಿಯ ಗೊರಸು ಕೆತ್ತುತ್ತಿದ್ದ, ಎಳೆ ಮರಿಗಳನ್ನು ತಾಯಿಯ ಕೆಚ್ಚಲಿಗೆ ಬಿಡುತ್ತಿದ್ದ, ಸಂಜೆ ಬಸ್ಸಿಗೆ ಹೊರಡುತ್ತಿದ್ದ.

ಮಾರುವ ವಿಚಾರ ಮಾತಾಡಲು ನಾನು ಹೋದದ್ದು ಅಂಥದ್ದೊಂದು ಭಾನುವಾರ. ಜಗಲಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದಾಗ ಒಂದು ವಿಚಿತ್ರ ಗಮನಕ್ಕೆ ಬಂತು. ಪೆರುಮಾಳಣ್ಣ ನನಗೆ "ಕಾಫಿ ಕುಡಿಯಪ್ಪ" ಎಂದ. ಸೊಸೆಗೆ "ಸಕ್ಕರೆ ಕಮ್ಮಿ ಆಯ್ತು ಕಣವ್ವ" ಎಂದ. ದೊಡ್ಡಿಯಲ್ಲಿದ್ದ ಸೆಲ್ವನಿಗೆ ಮಾತ್ರ "ನೀರು" ಎಂದ, ಅಷ್ಟೇ. ಸ್ವಲ್ಪ ಹೊತ್ತಿಗೆ "ಬಾಗ್ಲು" ಎಂದ. ನೀರು ಇಡು ಎಂದು ಒಂದು, ಬಾಗಿಲು ಹಾಕು ಎಂದು ಇನ್ನೊಂದು. ಬೇರೆ ಯಾರಿಗಾದರೂ ಮುದುಕನ ಉಸಿರಾಟ ಕಡಿಮೆಯಾಗಿದೆ ಅನ್ನಿಸಬಹುದಿತ್ತು. ದಲ್ಲಾಳಿಗೆ ಮಾತಿನ ಕೊನೆಯನ್ನು ಕೇಳುವ ಅಭ್ಯಾಸ, ಬೆಲೆ ಇಳಿಯುತ್ತದೋ ಇಲ್ಲವೋ ಎಂಬ ಗುಟ್ಟು ಅಲ್ಲೇ ಇರುತ್ತದೆ. ಪೆರುಮಾಳಣ್ಣ ಮೊಮ್ಮಗುವಿನ ಜೊತೆ ಆಡುವ ಮಾತಿನ ಬಾಲವನ್ನೇ ಕತ್ತರಿಸಿಬಿಟ್ಟಿದ್ದ. ‘ಅಮ್ಮಿ’ ಅಂದರೆ ಮಗುವಿಗೆ ನೋಯುತ್ತದೆ, ‘ಲಾ’ ಅಂದರೆ ತಾನು ಸೋಲುತ್ತೇನೆ. ಅದಕ್ಕೆ ಒಂದೊಂದೇ ಪದ.

ರತ್ನಮ್ಮ ಮಾತ್ರ ಆರಾಮಾಗಿದ್ದಳು. "ಉಣ್ಣಾಕ್ ಬಾ ಮಗ" ಎಂದು ಕೂಗಿದಳು. ನಾನು ಅವಳತ್ತ ನೋಡಿದ್ದಕ್ಕೆ ನಕ್ಕಳು. "ನಮ್ ಕಡೆ ಎಣ್ಣಾದ್ರೂ ಗಂಡಾದ್ರೂ ತಾಯಿ ಮಗ ಅಂತ್ಲೇ ತಾನೆ ಕರೆಯೋದು ಮಾದಣ್ಣ? ನಂಗೆ ಬದ್ಲಾಯ್ಸೋ ಕಷ್ಟನೇ ಬರ್ನಿಲ್ಲ."

ಮಾರುವುದಕ್ಕೆ ಪೆರುಮಾಳಣ್ಣ ಹೇಳಿದ ಕಾರಣ ವಯಸ್ಸು. ಒಳಗಿನ ಕಾರಣ ಬೇರೆ ಎಂದು ನನಗೆ ಗೊತ್ತಿತ್ತು. ಟಗರು ಗಂಡುಮಗನ ಕೈಗೆ ಹೋಗಬೇಕು. ಮನೆಯಲ್ಲಿ ಗಂಡುಮಗ ಇಲ್ಲ ಎಂದು ತೀರ್ಮಾನಿಸಿದ್ದ, ಆದ್ದರಿಂದ ಮಾರಾಟ. ನಾನು ರಾಮನಗರ ಕಡೆಯ ಫಾರಂ ಒಂದರ ಯಜಮಾನನನ್ನು ಗೊತ್ತು ಮಾಡಿದೆ. ವ್ಯಾಪಾರವೆಂದರೆ ವ್ಯಾಪಾರ.

ಮುಂದಿನ ವಾರ ನಾನು ಮದ್ದೂರಿಗೆ ಹೋಗಿದ್ದಾಗ ಸೆಲ್ವ ಫೋನ್ ಮಾಡಿ, ಗಾರ್ಮೆಂಟ್ಸ್ ಎದುರಿನ ಟೀ ಅಂಗಡಿಗೆ ಕರೆದ. ಶಿಫ್ಟ್ ಬಿಡುವ ಹೊತ್ತು. ಅಂಗಿಯ ಮೇಲೆಲ್ಲ ದಾರದ ಚೂರುಗಳು.

"ಮೊದಲು ಒಂದು ಹೇಳು. ನಾನು ನಿನ್ನ ಏನಂತ ಮಾತಾಡಿಸಲಿ?" ಎಂದೆ. ಗಿರಾಕಿಗೆ ಏನು ಬೇಕೆಂದು ಊಹಿಸುವವನು ಕೆಟ್ಟ ದಲ್ಲಾಳಿ. ಕೇಳಿಬಿಡಬೇಕು.

ಅವನು ಟೀ ಲೋಟ ತಿರುಗಿಸುತ್ತ ಹೇಳಿದ: "ಲಾ ಅಂದ್ರೆ ಸಾಕು ಮಾದಣ್ಣ. ತಾತ ನನ್ ಬಯ್ಯೋದೂ ಬುಟ್ಬುಟ್ಟವ್ನೆ. ಬಯ್ಲಿ, ಎಷ್ಟಾರೂ ಬಯ್ಲಿ. ಲಾ ಅಂತ ಬಯ್ದ್ರೆ ಸಾಕು."

"ಸರಿ ಬುಡ್ಲಾ. ಯಾಕ್ ಕರೆದೆ ಹೇಳು."

ಅವನು ಮುಖ ಪಕ್ಕಕ್ಕೆ ಮಾಡಿಕೊಂಡು ಅಂಗಿಯ ದಾರದ ಚೂರುಗಳನ್ನು ಒಂದೊಂದಾಗಿ ಕಿತ್ತ. ಆ ಮೇಲೆ, ಹಿಂಡನ್ನು ಬೇರೆಯವರಿಗೆ ಮಾರಬೇಡಿ, ಮಾರುವುದೇ ಆದರೆ ನನಗೆ ಕೊಡಿಸಿ ಎಂದ. ಉಳಿಸಿದ್ದು ಇದೆ, ಸಂಘದಲ್ಲಿ ಸಾಲ ಸಿಗುತ್ತದೆ, ಕೆಲಸ ಬಿಟ್ಟು ಕುರಿಗೇ ಬಂದುಬಿಡುತ್ತೇನೆ ಎಂದ.

"ನಿನ್ ತಾತನ ಕುರಿ ಕಣ್ಲಾ. ಹೋಗಿ ಕೊಡು ಅಂತ ಕೇಳು."

"ಕೇಳುದ್ರೆ ಎಣ್ಮಗೀಗೆ ಎರಡು ಕುರಿ ಅಂತಾನೆ. ಎರಡು ಕುರಿ ನಂಗ್ ಬ್ಯಾಡ. ಟಗರು ಬೇಕು."

ನನಗೆ ಆಗ ಅವನು ಕೇಳುತ್ತಿರುವುದು ಕುರಿಯನ್ನಲ್ಲ ಎಂದು ಸ್ಪಷ್ಟವಾಯಿತು. ಕೇಳಿದರೆ ಸಿಗದಿದ್ದುದು ವ್ಯಾಪಾರದಲ್ಲಿ ಸಿಗಬಹುದು ಎಂಬುದು ನನ್ನ ಇಡೀ ಬದುಕಿನ ಅನುಭವ. ‘ನೀನು ಮೊಮ್ಮಗನಾಗಿ ಬರಬೇಡ, ಗಿರಾಕಿಯಾಗಿ ಬಾ. ಉಳಿದದ್ದು ನನಗೆ ಬಿಡು’ ಎಂದೆ.

ಪೆರುಮಾಳಣ್ಣನ ಹತ್ತಿರ ಇದನ್ನು ಸೀದಾ ಹೇಳಲಾಗುವುದಿಲ್ಲ. ಹೋಗಿ ಕೂತು ಮಳೆ, ಮೇವು, ಕಬ್ಬಿನ ಗರಿ ಎಲ್ಲ ಮಾತಾಡಿದೆ. ಕೊನೆಗೆ ಸೆಲ್ವನ ಸುದ್ದಿ ತೆಗೆದೆ.

"ಮದ್ದೂರು ಸೇರಿ ಕೆಟ್ಟೋಯ್ತು ಮಾದ" ಎಂದ ಪೆರುಮಾಳಣ್ಣ. "ಆ ಗಾರ್ಮೆಂಟ್ಸು, ಆ ಮೊಬೈಲು. ಯಾರೋ ತಲೆ ತಿರುಗ್ಸವ್ರೆ."

ನಾನು ಅವನ ಬಲಗೈಯನ್ನು ನೋಡಿದೆ. ಆ ಮನೆಯವರಿಗೆಲ್ಲ ಬಲಗೈ ಕಿರುಬೆರಳು ಡೊಂಕು. ನಡುಗೆಣ್ಣಿನಲ್ಲಿ ಒಳಕ್ಕೆ ಮಡಚಿಕೊಂಡು ಅಂಗೈಗೆ ಅಂಟಿದಂತಿರುತ್ತದೆ, ಬಿಡಿಸಿದರೂ ಬಿಚ್ಚುವುದಿಲ್ಲ. ಮುನಿಸಾಮಿಗಿತ್ತು, ಪೆರುಮಾಳಣ್ಣನಿಗಿದೆ, ತೀರಿಕೊಂಡ ಮಗನಿಗಿತ್ತು, ಸೆಲ್ವನಿಗೂ ಇದೆ.

"ನಿನ್ ಬೆರಳು ಯಾಕಣ್ಣ ಡೊಂಕು?" ಎಂದೆ.

"ಗೊತ್ತಿಲ್ವಾ? ನಮ್ಮಪ್ಪ ನಾಲೆ ತೋಡ್ದ. ಗುದ್ದಲಿ ಇಡ್ದೂ ಇಡ್ದೂ ಬೆರಳು ಅಂಗೇ ನಿಂತೋಯ್ತು. ಅದೇ ನಮ್ಗೆ ಬಂತು." ಅವನ ದನಿಯಲ್ಲಿ ಹೆಮ್ಮೆಯಿತ್ತು.

"ಅಣ್ಣ, ನೀನು ಗುರುತಿಗೆ ಟಗರಿನ ಕಿವಿ ಕತ್ತರಿಸ್ತೀಯಲ್ಲ, ಅದಕ್ಕೆ ಹುಟ್ಟೋ ಮರಿ ಕಿವಿ ಕತ್ತರಿಸ್ಕಂಡೇ ಹುಟ್ತದಾ?"

"ಎಲ್ಲಾರೂ ಉಂಟಾ."

"ಅಂಗಾರೆ ಗುದ್ದಲಿ ಹಿಡಿದು ಡೊಂಕಾದ ಬೆರಳು ನಿಂಗೆಂಗೆ ಬಂತು?"

ಅವನು ಕೈಯನ್ನು ಮುಖದ ಹತ್ತಿರ ತಂದುಕೊಂಡು ನೋಡಿದ. ಇಷ್ಟು ವರ್ಷ ಕುರಿಯ ವಂಶವನ್ನು ಅಳೆದು ತೂಗಿದ ಮನುಷ್ಯ ತನ್ನ ಬೆರಳನ್ನು ಆ ಲೆಕ್ಕಕ್ಕೆ ತಂದೇ ಇರಲಿಲ್ಲ.

"ನಿಮ್ಮಪ್ಪ ಧರ್ಮಪುರಿಯಿಂದ ಬರುವಾಗಲೇ ಆ ಬೆರಳು ಅಂಗೇ ಇತ್ತು. ಹುಟ್ಟುತ್ತಲೇ ಇತ್ತು. ಇಲ್ಲಿ ಜನ ನೋಡಿದ್ದು ಅವನು ಗುದ್ದಲಿ ಹಿಡಿದ ಮೇಲೆ, ಅದಕ್ಕೆ ಗುದ್ದಲಿ ಮೇಲೆ ಹಾಕಿದರು. ಸೆಲ್ವನೂ ಅಂಗೇ ಹುಟ್ಟಿದ್ದು. ನೀನು ಕಣ್ಣುಬಿಟ್ಟು ನೋಡಿದ್ದು ಅವನು ಮದ್ದೂರಿಗೆ ಹೋದ ಮೇಲೆ, ಅದಕ್ಕೆ ಮದ್ದೂರಿನ ಮೇಲೆ ಹಾಕ್ತಿದ್ದೀಯ."

"ಅಂಗಾರೆ ಅದೂ ಒಂದು ಡೊಂಕು ಅಂತಿಯಾ?"

"ಡೊಂಕು ಅಂತ ನಾನೆಲ್ಲಂದೆ? ಹುಟ್ಟಿದ್ದು ಅಂದೆ."

ಪೆರುಮಾಳಣ್ಣ ಬಹಳ ಹೊತ್ತು ಸುಮ್ಮನಿದ್ದ. ಒಪ್ಪಿದನೆಂದು ನಾನು ಅಂದುಕೊಳ್ಳಲಿಲ್ಲ. ಸುಮ್ಮನಿರುವವನು ಒಪ್ಪಿದ್ದಾನೆಂದು ತಿಳಿದು ಕೈ ಸುಟ್ಟುಕೊಂಡ ದಲ್ಲಾಳಿಗಳನ್ನು ಕಂಡಿದ್ದೇನೆ. ಆದರೆ ಆ ಹೊತ್ತನ್ನು ಬಿಡುವಂತೆಯೂ ಇರಲಿಲ್ಲ. "ಇನ್ನೊಬ್ಬ ಗಿರಾಕಿ ಇದ್ದಾನೆ ಅಣ್ಣ, ಸೆಲ್ವ. ಫಾರಂನವರು ಬರುವ ದಿನವೇ ಬರ್ತಾನೆ. ಕೈ ವ್ಯಾಪಾರಕ್ಕೆ" ಎಂದೆ.

ಅವನು ತಟ್ಟನೆ ತಲೆ ಎತ್ತಿದ. "ಎಂಗಸ್ರು ಟವೆಲ್ ಕೆಳಗೆ ಕೈ ಆಕಲ್ಲ."

"ಹೌದು, ಹಾಕಲ್ಲ. ಹಾಕಬೇಡ ಅನ್ನೋದಾದರೆ ಆವತ್ತು ಎಲ್ಲರೆದುರು ನೀನೇ ಹೇಳಿಬಿಡು."

ಹೀಗೆ ಕಟ್ಟಿಹಾಕಿದ್ದು ನನ್ನ ಜಾಣತನವೆಂದೇ ಇವತ್ತಿಗೂ ಅಂದುಕೊಂಡಿದ್ದೇನೆ. ಅವನಿಗೆ ಇದ್ದದ್ದು ಎರಡೇ ದಾರಿ. ಬೇಡ ಎನ್ನಬೇಕಾದರೆ ಮೊಮ್ಮಗುವಿನ ಮುಖ ನೋಡಿ ಬಾಯಿಬಿಟ್ಟು ಏನಾದರೊಂದು ಬಾಲ ಹಚ್ಚಲೇಬೇಕು. ಅದನ್ನು ತಪ್ಪಿಸಿಕೊಳ್ಳಬೇಕಾದರೆ ಸುಮ್ಮನೆ ಕೈ ಚಾಚಬೇಕು. ಸುಮ್ಮನಿರುವುದೇ ಅವನಿಗೆ ಸುಲಭವೆಂದು ನಾನು ಲೆಕ್ಕ ಹಾಕಿದ್ದೆ.

ಆ ದಿನ ಬೆಳಿಗ್ಗೆ ದೊಡ್ಡಿಯ ಮುಂದೆ, ಹುಣಸೆ ಮರದ ಕೆಳಗೆ ಸೇರಿದೆವು. ಬೆರಳಿಗೆ ಅರ್ಧ ಲಕ್ಷ ಎಂದು ಗೊತ್ತು ಮಾಡಿದೆ. ಪೆರುಮಾಳಣ್ಣ ಐದು ಬೆರಳಿಗೆ ಕಡಿಮೆ ಕೊಡುವುದಿಲ್ಲ ಎಂದು ನನ್ನ ಕಿವಿಯಲ್ಲಿ ಹೇಳಿದ್ದ. ಫಾರಂನವನ ಸರದಿ ಮೊದಲು. ಟವೆಲ್ಲಿನ ಕೆಳಗೆ ಕೈ ಆಡಿತು, ಪೆರುಮಾಳಣ್ಣ ಕೊಡವಿದ. ಮತ್ತೆ ಆಡಿತು, ಮತ್ತೆ ಕೊಡವಿದ. ಆತ ಮೇಲೇರುವವನಾಗಿ ಕಾಣಲಿಲ್ಲ, ಮರದ ನೆರಳಿಗೆ ಹೋಗಿ ಫೋನ್ ಹಿಡಿದು ನಿಂತ.

"ಇನ್ನೊಬ್ಬರು" ಎಂದು ನಾನು ಕೂಗಿದೆ.

ಸೆಲ್ವ ಬಂದು ತಾತನ ಎದುರು ಕುಕ್ಕರುಗಾಲಲ್ಲಿ ಕೂತ. ಇಸ್ತ್ರಿ ಮಾಡಿದ ಅಂಗಿ, ತೋಳು ಮಡಚಿತ್ತು. ರತ್ನಮ್ಮ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದಳು. ಪೆರುಮಾಳಣ್ಣ ನೆಲ ನೋಡುತ್ತಿದ್ದ. ನನ್ನ ಲೆಕ್ಕವೇ ತಪ್ಪಾಗಿ ಎದ್ದು ಹೋಗಿಬಿಡುತ್ತಾನೇನೋ ಅನ್ನಿಸಿತು. ಹೋಗಲಿಲ್ಲ. ಕೈ ಮುಂದೆ ಚಾಚಿದ, ಮುಖ ಮಾತ್ರ ದೊಡ್ಡಿಯ ಕಡೆ. ನಾನು ಟವೆಲ್ ಹರಡಿದೆ.

ಬಟ್ಟೆ ಸ್ವಲ್ಪ ಅಲುಗಿತು. ಪೆರುಮಾಳಣ್ಣ ಹುಬ್ಬು ಗಂಟಿಕ್ಕಿದ, ಕೊಡವಿದ. ಬಟ್ಟೆ ಇನ್ನೊಮ್ಮೆ ಅಲುಗಿತು, ಮೊದಲಿನಷ್ಟೇ. ಕೊಡವಿದ. ಮೂರನೇ ಸಲವೂ ಅಷ್ಟೇ. ಆಗ ಮುದುಕನ ಮುಖ ಕೆಂಪಾಯಿತು, ದೊಡ್ಡಿಯ ಕಡೆಯಿಂದ ತಿರುಗಿ ಸೀದಾ ಮೊಮ್ಮಗನನ್ನು ನೋಡಿದ.

"ಏನ್ಲಾ ನಾಕು? ಒರಗ್ನವ್ನು ನಾಕು ಅಂದ, ಅವ್ನಿಗ್ ಗೊತ್ತಿಲ್ಲ ಅನ್ಕಂಡೆ. ನೀನೂ ನಾಕು ಅಂತಿಯೇನ್ಲಾ? ಈ ಕುರಿ ಬೆಲೆ ನಿಂಗೂ ತಿಳೀದೇನ್ಲಾ? ಇದೇನು ನಿಮ್ಮಪ್ಪನ್ ಮನೆ ಗಂಟು ಅನ್ಕಂಡೇನ್ಲಾ?"

ಕೈ ವ್ಯಾಪಾರದಲ್ಲಿ ಪೆರುಮಾಳಣ್ಣ ಬಾಯಿಬಿಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ. ಫಾರಂನವನು ಫೋನಿನಿಂದ ತಲೆ ಎತ್ತಿದ. ಹಿಂಡಿನಲ್ಲಿ ಯಾವುದೋ ಮರಿ ಅರಚಿತು. ಸೆಲ್ವ, ಬೈಗುಳ ಮುಗಿದ ಮೇಲೂ ಇನ್ನಷ್ಟು ಬರಲಿ ಎನ್ನುವವನ ಹಾಗೆ ತಾತನ ಬಾಯಿಯನ್ನೇ ನೋಡುತ್ತಿದ್ದ. ಕಣ್ಣು ತುಂಬಿಕೊಂಡಿತ್ತು.

ಮೊದಲು ಸದ್ದು ಮಾಡಿದ್ದು ರತ್ನಮ್ಮ. ಸೆರಗು ಬಾಯಲ್ಲಿಟ್ಟುಕೊಂಡೇ ನಗುತ್ತ, "ಅದು ಅವ್ರಪ್ಪನ್ ಮನೇನೇ ಅಲ್ವ ಮಾವ" ಎಂದಳು.

ಪೆರುಮಾಳಣ್ಣನಿಗೆ ತನ್ನ ಬಾಯಿಂದ ಏನು ಬಂತೆಂದು ಆಗ ತಿಳಿದಿರಬೇಕು. ಸೆಲ್ವ ಮೆಲ್ಲಗೆ ಹೇಳಿದ:

"ನಾಕಲ್ಲ ತಾತ, ಐದು. ಐದೇ ಇಡ್ದಿದ್ದು. ನಿನ್ ಕಿರುಬೆರಳು ಕೈಗ್ ಸಿಕ್ತಿಲ್ಲ."

ನಾನು ಟವೆಲ್ ಎತ್ತಿದೆ. ಎತ್ತಬಾರದು, ಆದರೂ ಎತ್ತಿದೆ. ಮುದುಕನ ಕಿರುಬೆರಳು ಅಂಗೈಯೊಳಗೆ ಮಡಚಿಕೊಂಡಿತ್ತು. ಅದನ್ನು ಹಿಡಿಯಬೇಕಾದ ಮೊಮ್ಮಗನ ಕಿರುಬೆರಳೂ ಅಷ್ಟೇ ಮಡಚಿಕೊಂಡಿತ್ತು. ಎರಡು ಡೊಂಕು ಬೆರಳು ಒಂದಕ್ಕೊಂದು ಬೆನ್ನು ಕೊಟ್ಟು ನಿಂತಿದ್ದವು. ಆ ಮನೆಯವರ ಕೈ ಹಿಡಿದು ಕೊಳ್ಳುವವರೆಲ್ಲ ಐದನೆಯದನ್ನು ಹಿಡಿಯಲು ಹೋಗುವುದಿಲ್ಲ, ನಾಲ್ಕು ಹಿಡಿದು ಆ ಡೊಂಕಿನ ಬೆನ್ನಿನ ಮೇಲೆ ಒಂದು ಸಲ ತಟ್ಟುತ್ತಾರೆ. ಸಂತೆಗೆ ಕಾಲಿಟ್ಟ ಎಳೆಯರಿಗೂ ಅದು ಗೊತ್ತು. ಫಾರಂನವನಿಗೆ ಮೊದಲೇ ಹೇಳಿದ್ದೆ, ಮನೆಯವನೇ ಆದ ಸೆಲ್ವನಿಗೆ ಹೇಳಬೇಕೆಂದು ತೋಚಿರಲಿಲ್ಲ.

"ಬೆನ್ ಮ್ಯಾಲೆ ತಟ್ಬೇಕು ಅಂತ ನಿಂಗ್ಯಾರೂ ಏಳ್ಕೊಟ್ಟಿಲ್ವಾ?" ಎಂದ ಪೆರುಮಾಳಣ್ಣ.

"ಅದನ್ನ ಗಂಡುಡುಗ್ರಿಗ್ ತಾನೆ ತಾತ ಏಳ್ಕೊಡದು?"

ದೂರಿನ ಮಾತಾಗಿರಲಿಲ್ಲ ಅದು, ಇದ್ದದ್ದನ್ನು ಇದ್ದಂತೆ ಹೇಳಿದ್ದ. ಮುದುಕ ನನ್ನ ಕೈಯಿಂದ ಟವೆಲ್ ಕಿತ್ತುಕೊಂಡ. ತಾನೇ ಅದನ್ನು ಇಬ್ಬರ ಕೈಗಳ ಮೇಲೆ ಹಾಸಿದ. ಅಂಚನ್ನು ಎಳೆದು ಸರಿ ಮಾಡಿದ.

"ಬಾ. ಇನ್ನೊಂದ್ ಕಿತ ಇಡಿ" ಎಂದ. ಆ ಮೇಲೆ ಒಂದು ಗಳಿಗೆ ತಡೆದು, ಈ ಸಲ ನೋಡಿಕೊಂಡು, ಬೇಕೆಂದೇ, "ಇಡಿಲಾ" ಎಂದ.

ಆ ಎರಡನೇ ಸಲ ಕೈಗಳು ಬಹಳ ಹೊತ್ತು ಒಳಗಿದ್ದವು. ಬೆಲೆ ಕುದುರಲು ಅಷ್ಟು ಹೊತ್ತು ಬೇಕಾಗಿರಲಿಲ್ಲ. ಪೆರುಮಾಳಣ್ಣ ಒಳಗೇ ಏನೋ ಕಲಿಸುತ್ತಿದ್ದ, ಬಟ್ಟೆ ಅಲ್ಲಲ್ಲಿ ಮೆಲ್ಲಗೆ ಎದ್ದು ಇಳಿಯುತ್ತಿತ್ತು. ಕೊನೆಗೆ ಮುದುಕ ಕೈ ಒತ್ತಿದ, ವ್ಯಾಪಾರ ಮುಗಿಯಿತು. ಎಷ್ಟಕ್ಕೆ ಮುಗಿಯಿತೆಂದು ದಲ್ಲಾಳಿಯಾದ ನನಗೆ ಇಂದಿಗೂ ಗೊತ್ತಿಲ್ಲ. ಇಬ್ಬರೂ ಹೇಳಲಿಲ್ಲ. ಬೆಲೆಯೇ ಗೊತ್ತಿಲ್ಲದ ಮೇಲೆ ದಲ್ಲಾಳಿ ಎಷ್ಟು ಕೇಳಬೇಕು ಎಂದು ನಾನು ಗೊಣಗಿದ್ದಕ್ಕೆ ರತ್ನಮ್ಮ ಕೋಳಿ ಕುಯ್ದು ಊಟ ಹಾಕಿದಳು. ಫಾರಂನವನನ್ನು ನಾನು ಬರಿಗೈಲಿ ಕಳಿಸಲಿಲ್ಲ. ಪಕ್ಕದ ಊರಿನಲ್ಲಿ ಬೇರೆ ಹಿಂಡು ನೋಡಿಟ್ಟಿದ್ದೆ, ಮಧ್ಯಾಹ್ನವೇ ಅಲ್ಲಿಗೆ ಕರೆದೊಯ್ದೆ. ಎರಡು ಗಿರಾಕಿ ಕರೆದವನು ಎರಡು ಹಿಂಡು ಇಟ್ಟುಕೊಂಡಿರಬೇಕು.

ಆ ಮೇಲೆ ಎಲ್ಲವೂ ಹೂವಿನ ಹಾಸಿಗೆಯಾಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಊರಿನಲ್ಲಿ ಈಗಲೂ ಆಡಿಕೊಳ್ಳುವವರಿದ್ದಾರೆ. ಕೊಳ್ಳೇಗಾಲದ ನೆಂಟರು ಹಬ್ಬಕ್ಕೆ ಕರೆಯುವುದನ್ನು ನಿಲ್ಲಿಸಿದರು. ಪೆರುಮಾಳಣ್ಣನ ಬಾಯಲ್ಲೂ ಒಮ್ಮೊಮ್ಮೆ ಹಳೆಯ ಹೆಸರು ಬಂದುಬಿಡುತ್ತದೆ, ಆಗ ತಾನೇ ಕೆಮ್ಮಿ ಸರಿಮಾಡಿಕೊಳ್ಳುತ್ತಾನೆ. ಸೆಲ್ವ ಅದನ್ನು ದೊಡ್ಡದು ಮಾಡುವುದಿಲ್ಲ. ಗಾರ್ಮೆಂಟ್ಸ್ ಬಿಟ್ಟು ಬಂದ. ಉದ್ದ ಕಾಲಿನ ಕುರಿಗಳನ್ನು ಬಾಗಿಲಿಗೂ ಸೇರಿಸುವುದಿಲ್ಲ. ತಳಿಯ ವಿಷಯದಲ್ಲಿ ತಾತನಿಗಿಂತ ಗಡಸು.

ಮಾರನೆಯ ವರ್ಷ ಮಂಡ್ಯದ ಒಬ್ಬರು ಟಗರು ಬೇಕೆಂದು ಬೆನ್ನುಬಿದ್ದರು. ಕರೆದುಕೊಂಡು ಹೋದೆ. ಪೆರುಮಾಳಣ್ಣ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದ.

"ನನ್ ಕೇಳ್ಬ್ಯಾಡಿ ಸಾಮಿ. ಯಜಮಾನ್ರು ನಾಲೆ ಏರಿ ಮ್ಯಾಲೆ ಕುರಿ ಮೇಯಿಸ್ತಾವ್ರೆ. ಬರಗಂಟ ಕೂತ್ಕಳಿ" ಎಂದ.

"ಯಜಮಾನ್ರು ಅಂದ್ರೆ ನಿಮ್ಮ ಮಗನಾ?"

"ಮೊಮ್ಮಗ" ಎಂದು ಮೊರ ತಟ್ಟಿದ. ಹೊಟ್ಟು ಹಾರಿ ಬಂದವರ ಪ್ಯಾಂಟಿನ ಮೇಲೆ ಕೂತಿತು.

ಟಗರು ಸಿಗಲಿಲ್ಲ. ಯಜಮಾನರು ಒಪ್ಪಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದನ್ನು ಕೇಳುವವರಿಗೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಮನೆಯಲ್ಲಿ ಇಬ್ಬರ ನಡುವೆ ಮಾತು ನಿಂತಿದ್ದರೆ ಅವರನ್ನು ಎದುರುಬದುರು ಕೂರಿಸಿ, ನೀನು ಒಪ್ಪುತ್ತೀಯಾ ಇಲ್ಲವಾ ಎಂದು ಪಂಚಾಯಿತಿ ಮಾಡಬೇಡಿ. ಹಾಗೆ ಕೇಳಿದರೆ ಯಾವ ಮುದುಕನೂ ಒಪ್ಪುವುದಿಲ್ಲ, ಅವನ ಮಾನ ಅಡ್ಡ ಬರುತ್ತದೆ. ಇಬ್ಬರಿಗೂ ಜೀವವಾಗಿರುವ ಒಂದು ವಸ್ತುವನ್ನು ನಡುವೆ ಇಟ್ಟು ಜಗಳ ಹಚ್ಚಿ. ಪ್ರೀತಿಯಿಂದ ಒಪ್ಪಿಕೊಳ್ಳಲು ನಾಚುವ ಮನುಷ್ಯ ಸಿಟ್ಟಿನಲ್ಲಿ ಒಪ್ಪಿಕೊಂಡುಬಿಡುತ್ತಾನೆ. ಆ ಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವನಿಗೂ ಮನಸ್ಸು ಬರುವುದಿಲ್ಲ.